ನೆಂಪು ಎಲ್ಲಿದೆ? ವಂಡ್ಸೆಗಿಂತ ಸ್ವಲ್ಪ ಹಿಂದೆ

ಮನುಷ್ಯನ ನೆನಪು ಇರುವುದು ಎಲ್ಲಿ ಎಂಬ ಪ್ರಶ್ನೆಗೆ ಪಾಶ್ಚಾತ್ಯ ಪಂಡಿತರು ಎಷ್ಟೋ ಆಯುಸ್ಸನ್ನೂ ಲೆಕ್ಕವಿಲ್ಲದಷ್ಟು ಇಲಿಗಳನ್ನೂ ಖರ್ಚು ಮಾಡಿದ್ದಾರೆ. ಕಾರ್ಲ್ ಲ್ಯಾಶ್ಲಿ ಎಂಬ ಅಮೆರಿಕದ ವಿದ್ವಾಂಸ ದಶಕಗಟ್ಟಲೆ ಇಲಿಗಳ ಮಿದುಳನ್ನು ಇಲ್ಲಿಷ್ಟು ಅಲ್ಲಿಷ್ಟು ಕೆತ್ತಿ, ಅವು ಕಲಿತ ದಾರಿ ಮರೆಯುತ್ತವೋ ಎಂದು ಕಾದು ಕೂತ. ಕೊನೆಗೆ 1950ರಲ್ಲಿ, ನೆನಪು ಇಂಥದೇ ಮೂಲೆಯಲ್ಲಿದೆ ಎಂದು ತೋರಿಸುವುದು ತನ್ನಿಂದಾಗಲಿಲ್ಲ ಎಂದು ಬರೆದು ಕೈಚೆಲ್ಲಿದ. ಹುಡುಕಿದ ಜಾಗವೇ ತಪ್ಪು. ಹೆಮ್ಮಾಡಿಯಲ್ಲಿ ಕೊಲ್ಲೂರು ಬಸ್ಸು ಹತ್ತಿದ್ದರೆ ಕಂಡಕ್ಟರೇ ಕೂಗಿ ತೋರಿಸುತ್ತಿದ್ದ: "ನೆಂಪ್, ನೆಂಪ್! ಯಾರ್ ಮರ್ರೆ ನೆಂಪ್?"

ಘಟ್ಟದ ಮೇಲಿನ ಓದುಗರಿಗಾಗಿ ಒಂದು ಮಾತು. ನೆಂಪು ಎಂಬುದು ಕುಂದಾಪುರದ ಕಡೆ, ಹೆಮ್ಮಾಡಿಯಿಂದ ಕೊಲ್ಲೂರಿಗೆ ಹೋಗುವ ದಾರಿಯಲ್ಲಿ, ವಂಡ್ಸೆಗೆ ಮೊದಲು ಸಿಗುವ ಊರು. ಕುಂದಾಪ್ರ ಕನ್ನಡದಲ್ಲಿ ನೆನಪಿಗೂ ನೆಂಪು ಎಂದೇ ಹೆಸರು. ಊರಿಗೆ ಈ ಹೆಸರು ಹೇಗೆ ಬಂತು ಎಂದು ಪ್ರಬಂಧಕಾರನು ಬಸ್ ಸ್ಟ್ಯಾಂಡಿನಲ್ಲಿ ಮೂವರು ಹಿರಿಯರನ್ನು ಕೇಳಿದನು. ಮೂವರಿಗೂ ನೆಂಪಿರಲಿಲ್ಲ. ನೆಂಪು ಹೊರಗೆ ಬಸ್ ನಿಲ್ಲುವಲ್ಲಿದೆ, ಒಳಗೆ ತಲೆಯಲ್ಲಿಲ್ಲ ಎಂಬುದಕ್ಕೆ ಇದಕ್ಕಿಂತ ಪ್ರಬಲ ಪ್ರಮಾಣ ಬೇಕೆ?

ಇನ್ನು ಪೂರ್ವಪಕ್ಷ. 1953ರಲ್ಲಿ ಹೆನ್ರಿ ಮೊಲೈಸನ್ ಎಂಬ ಅಮೆರಿಕದ ತರುಣನಿಗೆ ಅಪಸ್ಮಾರ ವಾಸಿಯಾಗಲೆಂದು ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ಸಿನ ದೊಡ್ಡ ಭಾಗವನ್ನು ತೆಗೆದರು. ಅಲ್ಲಿಂದ 2008ರಲ್ಲಿ ತೀರಿಕೊಳ್ಳುವ ತನಕ ಹೊಸತಾಗಿ ನಡೆದದ್ದು ಹೆಚ್ಚುಕಡಿಮೆ ಯಾವುದೂ ಅವನ ತಲೆಯಲ್ಲಿ ಕೂರಲಿಲ್ಲ. ಆದ್ದರಿಂದ ನೆನಪಿನ ಬಾಗಿಲು ಹಿಪೊಕ್ಯಾಂಪಸ್ಸು ಎಂದು ಪಂಡಿತರ ವಾದ. ಒಪ್ಪೋಣ. ಆದರೆ ಅದೇ ಮನುಷ್ಯ ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬವನ್ನೇ ನೋಡುತ್ತ ನಕ್ಷತ್ರದ ಚಿತ್ರದ ಮೇಲೆ ಗೆರೆ ಎಳೆಯುವುದನ್ನು ದಿನದಿಂದ ದಿನಕ್ಕೆ ಚೆನ್ನಾಗಿ ಕಲಿತ. ಪ್ರತಿ ಸಲವೂ "ಇದನ್ನು ನಾನು ಮಾಡಿಯೇ ಇಲ್ಲ" ಎನ್ನುತ್ತಿದ್ದ. ಅಂದರೆ ತಲೆ ಮರೆತದ್ದನ್ನು ಕೈ ಇಟ್ಟುಕೊಂಡಿತ್ತು. ಇದನ್ನು ಕಂಡುಹಿಡಿಯಲು ಅಷ್ಟು ದೂರ ಹೋಗಬೇಕಾಗಿರಲಿಲ್ಲ. ನಮ್ಮ ಅಮ್ಮಮ್ಮ ಕೊನೆಗಾಲಕ್ಕೆ ನನ್ನನ್ನು ನಮ್ಮ ಅಪ್ಪಯ್ಯ ಎಂದೂ, ಅಪ್ಪಯ್ಯನನ್ನು ಯಾರೋ ಅಮೀನರು ಎಂದೂ ತಿಳಿದಿದ್ದರು. ಎದುರಿಗೆ ಹಲಸಿನೆಲೆ, ಕಡ್ಡಿ ಇಟ್ಟರೆ ಮಾತ್ರ ಕಡುಬಿನ ಕೊಟ್ಟೆಗಳು ಒಂದೇ ಅಳತೆಯಲ್ಲಿ ಸಾಲಾಗಿ ಬಂದು ಕೂರುತ್ತಿದ್ದವು. ಅವರ ಕೈಗೆ ನಮ್ಮಲ್ಲಿ ಯಾರ ಹೆಸರೂ ಬೇಕಿರಲಿಲ್ಲ.

ಹಿಪೊಕ್ಯಾಂಪಸ್ ಎಂದರೆ ಗ್ರೀಕಿನಲ್ಲಿ ಕಡಲಕುದುರೆ, ಆಕಾರ ಹಾಗಿದೆಯಂತೆ. ಗಂಗೊಳ್ಳಿ ಬಂದರಿನಲ್ಲಿ ಈ ಜೀವಿಯನ್ನು ವಿಚಾರಿಸೋಣ ಎಂದುಕೊಂಡೆ. ಅದನ್ನು ಹಿಡಿಯುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೆಂದು ತಿಳಿದು ಸಂಶೋಧನೆಯ ಆ ಶಾಖೆಯನ್ನು ಅಲ್ಲಿಗೇ ಮುಚ್ಚಲಾಯಿತು.

ಎಬ್ಬಿಂಗ್‌ಹೌಸ್ ಎಂಬ ಜರ್ಮನಿಯವನು 1885ರಲ್ಲಿ ಪ್ರಕಟಿಸಿದ ಗ್ರಂಥವನ್ನು ಬಿಟ್ಟರೆ ಪ್ರಬಂಧ ಎನಿಸುವುದಿಲ್ಲವಾದ್ದರಿಂದ ಹೇಳುತ್ತೇನೆ. ಅವನು ಅರ್ಥವೇ ಇಲ್ಲದ ಪುಟ್ಟ ಪುಟ್ಟ ಉಚ್ಚಾರಗಳನ್ನು ತಾನೇ ಹೊಸೆದು, ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಮರೆತದ್ದರ ಲೆಕ್ಕ ಬರೆದ. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಸೋರಿಹೋಗುತ್ತದೆ, ಆಮೇಲೆ ಸೋರುವ ವೇಗ ಇಳಿಯುತ್ತದೆ ಎಂದು ಕಂಡ. ಪಾಪ, ಹೊಸೆಯುವ ಕಷ್ಟವೇಕೆ? ಬೆಂಗಳೂರಿನವರೊಬ್ಬರ ಎದುರು "ಹೋಪತಿಗೆ, ಬಪ್ಪತಿಗೆ, ಹ್ವಾಯ್" ಎಂದಿದ್ದರೆ ಸಾಕಿತ್ತು.

ಈಗ ಮುಖ್ಯ ವಿಷಯವಾದ ಸಾಲಕ್ಕೆ ಬರೋಣ. ಬರ್ಲಿನ್ನಿನ ಹೋಟೆಲೊಂದರ ಸಪ್ಲಾಯರುಗಳು ಬಿಲ್ಲು ಪಾವತಿಯಾಗುವ ತನಕ ಯಾರು ಏನು ತಿಂದರೆಂಬುದನ್ನು ಕರಾರುವಾಕ್ಕಾಗಿ ಹೇಳುತ್ತಿದ್ದರು, ದುಡ್ಡು ಬಂದ ಕೂಡಲೇ ಮರೆಯುತ್ತಿದ್ದರು ಎಂಬ ಮಾತು ಮನಶ್ಶಾಸ್ತ್ರದಲ್ಲಿ ಪ್ರಸಿದ್ಧ. ಬ್ಲೂಮಾ ಜೈಗಾರ್ನಿಕ್ ಎಂಬ ವಿದುಷಿ ಇದರ ಜಾಡು ಹಿಡಿದು 1927ರಲ್ಲಿ ಪ್ರಯೋಗ ಪ್ರಕಟಿಸಿದಳು: ಮುಗಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸ ಹೆಚ್ಚು ನೆನಪಿರುತ್ತದೆ. ನಮ್ಮ ಕಡೆಯವರು ಮುಂಬಯಿ, ಬೆಂಗಳೂರುಗಳಲ್ಲಿ ಹೋಟೆಲಿಟ್ಟು, ಹತ್ತು ಮೇಜಿನ ತಿಂಡಿಯನ್ನು ತಲೆಯಲ್ಲೇ ಕೂಡಿಸಿ, ಗಿರಾಕಿ ಗಲ್ಲಾದ ಹತ್ತಿರ ಬರುವುದರೊಳಗೆ ಮೊತ್ತ ಕೂಗುತ್ತಿದ್ದ ಕಾಲವನ್ನು ಬಲ್ಲವರಿಗೆ ಇದರಲ್ಲಿ ಹೊಸತೇನಿಲ್ಲ. ಆದರೆ ಸಿದ್ಧಾಂತಕ್ಕೆ ಒಂದು ತೊಡಕಿದೆ. ಸಾಲ ಎಂಬುದು ಕೊಟ್ಟವನಿಗೂ ತೆಗೆದುಕೊಂಡವನಿಗೂ ಸಮನಾಗಿ ಮುಗಿಯದ ಕೆಲಸ. ಜೈಗಾರ್ನಿಕ್ ಪ್ರಕಾರ ಇಬ್ಬರಿಗೂ ನೆನಪಿರಬೇಕು. ಕುಂದಾಪುರದ ಶನಿವಾರದ ಸಂತೆಯಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಕೊಟ್ಟವನು ಒಣಮೀನಿನ ಸಾಲಿನಿಂದ ಬರುವುದು ಕಂಡೊಡನೆ ತೆಗೆದುಕೊಂಡವನಿಗೆ ತರಕಾರಿ ಸಾಲಿನಲ್ಲಿ ತುರ್ತು ಕೆಲಸ ನೆನಪಾಗುವುದನ್ನು ಕಣ್ಣಾರೆ ಕಾಣಬಹುದು.

ಈ ತೊಡಕಿಗೆ ಪ್ರಬಂಧಕಾರನ ಸಮಾಧಾನ ವ್ಯಾಕರಣದಲ್ಲಿದೆ. ಕುಂದಾಪ್ರ ಕನ್ನಡದಲ್ಲಿ "ಇತ್ತ್" ಎಂದರೆ "ಇದೆ". ನಮ್ಮವನೊಬ್ಬ ಬೆಂಗಳೂರಿನ ಗೆಳೆಯನಿಗೆ ಫೋನಿನಲ್ಲಿ "ನಿಮ್ಮ್ ದುಡ್ಡ್ ಕೊಡುಕ್ ನೆಂಪಿತ್ತ್ ಮಾರಾಯ್ರೆ" ಎಂದರೆ ಅವನ ಮಟ್ಟಿಗೆ ಅದು ವರ್ತಮಾನ ಕಾಲ. ಬೆಂಗಳೂರಿನವನ ಕಿವಿಗೆ ಭೂತಕಾಲ: ನೆನಪಿತ್ತು, ಈಗಿಲ್ಲ. ಇದರಲ್ಲಿ ಹೆಚ್ಚು ಸತ್ಯ ಯಾರು ಕೇಳಿಸಿಕೊಂಡದ್ದು ಎಂಬುದನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇನೆ. ಆ ಬೆಂಗಳೂರಿನವರು ನನ್ನ ಪರಿಚಯದವರೇ ಆದ್ದರಿಂದ ಹೆಚ್ಚು ಹೇಳುವಂತಿಲ್ಲ.

ಮುಂದಾಗಬೇಕಾದದ್ದನ್ನು ನೆನಪಿಟ್ಟುಕೊಳ್ಳುವುದು ಬೇರೆಯೇ ಒಂದು ಜಾತಿ ಎನ್ನುತ್ತಾರೆ ಮನಶ್ಶಾಸ್ತ್ರಜ್ಞರು: ಸಂಜೆ ಮಾತ್ರೆ ನುಂಗುವುದು, ನಾಳೆ ಕರೆಂಟ್ ಬಿಲ್ಲು ಕಟ್ಟುವುದು. ನಾಳೆ, ನಾಡಿದ್ದು ಎಂದರೇ ಅವರಿಗೆ ಸುಸ್ತು. ಮಂದಾರ್ತಿ ದೇವಿಯ ಹರಕೆ ಆಟದ, ಅಂದರೆ ಯಕ್ಷಗಾನದ, ಸರದಿಯನ್ನು ಇವರು ಕಂಡಿಲ್ಲ. ಒಂದಲ್ಲ, ಐದು ಮೇಳ ಕಟ್ಟಿಕೊಂಡು ಊರೂರು ತಿರುಗಿದರೂ ಇಂದು ಬರೆಸಿದವನ ಸರದಿ ಬರುವುದಕ್ಕೆ ಎಷ್ಟೋ ವರ್ಷ ಬೇಕು. ಅಪ್ಪ ಹೇಳಿಕೊಂಡ ಹರಕೆಯ ಆಟವನ್ನು ಮಗ ಆಡಿಸುತ್ತಾನೆ. ರಂಗಸ್ಥಳ ಎದ್ದಿದೆ, ಚೆಂಡೆ ಏರಿದೆ, ಮನೆಯವರು ಬಂದವರಿಗೆಲ್ಲ ಊಟ ಬಡಿಸುತ್ತಿದ್ದಾರೆ, ಅಷ್ಟರಲ್ಲಿ ಯಾರೋ ಮೆಲ್ಲಗೆ ಕೇಳುತ್ತಾರೆ, "ಹರ್ಕಿ ಎಂತಕ್ ಹೇಳದ್ದ್ ಮಾರಾಯಾ?" ಹಸುವಿನ ಕಾಯಿಲೆಗೆ ಎಂದು ಒಬ್ಬ ಚಿಕ್ಕಪ್ಪ. ಅಲ್ಲ, ಗದ್ದೆಯ ವ್ಯಾಜ್ಯಕ್ಕೆ ಎಂದು ಇನ್ನೊಬ್ಬ. ನಿನ್ನನ್ನೇ ಎಸ್ಸೆಸ್ಸೆಲ್ಸಿಯಲ್ಲಿ ಪಾಸು ಮಾಡಿಸಲು ಎಂದು ಅತ್ತೆ, ಎಲ್ಲರಿಗೂ ಕೇಳುವ ಹಾಗೆ. ಹಸು ಎಂದೋ ಹೋಗಿದೆ, ಗದ್ದೆಯಲ್ಲಿ ಸೈಟು ಎದ್ದಿದೆ, ಎಸ್ಸೆಸ್ಸೆಲ್ಸಿಗೆ ಇವನು ಎರಡು ಸಲ ಕೂತಿದ್ದಾನೆ. ದೇವಿಗೆ ಮಾತ್ರ ಲೆಕ್ಕ ಚುಕ್ತಾ.

ಇಂಥಲ್ಲಿ ಫ್ರೆಡರಿಕ್ ಬಾರ್ಟ್ಲೆಟ್ ಎಂಬ ಆಂಗ್ಲ ಪಂಡಿತನನ್ನು ಸ್ಮರಿಸದಿದ್ದರೆ ತಪ್ಪಾಗುತ್ತದೆ. 1932ರ ಅವನ ಗ್ರಂಥದ ಸಾರವಿಷ್ಟು: ನಾವು ಹಳೆಯದನ್ನು ಪೆಟ್ಟಿಗೆಯಿಂದ ಹಾಗೇ ತೆಗೆದುಕೊಡುವುದಿಲ್ಲ, ಪ್ರತಿ ಸಲವೂ ಹೊಸತಾಗಿ ಕಟ್ಟುತ್ತೇವೆ. ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಓದಿಸಿ ಮರಳಿ ಹೇಳಿಸಿದರೆ, ಕೇಂಬ್ರಿಜ್ಜಿನ ಕಡೆಯವರು ಅದರೊಳಗಿನ ಸೀಲ್ ಬೇಟೆಯನ್ನು ಮೀನು ಹಿಡಿಯುವ ಕೆಲಸವಾಗಿಸಿಬಿಟ್ಟರು. ಗಂಗೊಳ್ಳಿಯಲ್ಲಿ ಹೇಳಿಸಿದ್ದರೆ ಬಂಗಡೆ ಎಂದು ಮೀನಿನ ಹೆಸರೂ, ಆ ದಿನದ ರೇಟೂ, ದಲ್ಲಾಳಿ ಮಾಡಿದ ಮೋಸವೂ ಸೇರುತ್ತಿದ್ದವು. ನಮ್ಮ ಆಟದ ವೇಷಧಾರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಭಾಗವತರ ಬಾಯಲ್ಲಿ ಪದ್ಯ ಬದಲಾಗುವುದಿಲ್ಲ; ಆ ಪದ್ಯಕ್ಕೆ ವೇಷಧಾರಿ ಹೇಳುವ ಅರ್ಥಕ್ಕೆ ಮಾತ್ರ ಯಾರೂ ಬರೆದುಕೊಟ್ಟ ಮಾತಿಲ್ಲ. ಒಂದೇ ಕರ್ಣ ಮೊನ್ನೆ ಸಾಲಿಗ್ರಾಮದಲ್ಲಿ ಅತ್ತು, ನಿನ್ನೆ ಬ್ರಹ್ಮಾವರದಲ್ಲಿ ಜಗಳ ತೆಗೆದು, ಇವತ್ತು ಉಪ್ಪುಂದದಲ್ಲಿ ತತ್ತ್ವ ಹೇಳಬಹುದು. ನಮ್ಮ ಹಸು, ಗದ್ದೆ, ಎಸ್ಸೆಸ್ಸೆಲ್ಸಿಗಳೂ ಅರ್ಥದ ಕಡೆಗೆ ಸೇರಿದವೇ. ಪದ್ಯ ಎಂದರೆ ಮಂದಾರ್ತಿಯ ರಸೀದಿ.

ಹಳತು ಹೊಸತಕ್ಕೆ ಅಡ್ಡ ಬರುವುದನ್ನೂ ಮುಟ್ಟಿಹೋಗುತ್ತೇನೆ. ಉಡುಪಿ ಜಿಲ್ಲೆಯಾದದ್ದು 1997ರಲ್ಲಿ, ವಿಳಾಸ ಬರೆಯುವಾಗ ನಮ್ಮ ದೊಡ್ಡಪ್ಪಯ್ಯನ ಪೆನ್ನು ಇಂದಿಗೂ "ದ.ಕ." ಎಂದೇ ಬರೆಯುತ್ತದೆ. ಹೆದ್ದಾರಿ 66 ಅವರಿಗೆ ಇನ್ನೂ ಹದಿನೇಳೇ.

ಇಷ್ಟಾದ ಮೇಲೆ ಸಿದ್ಧಾಂತವನ್ನು ಸ್ಥಳದಲ್ಲೇ ಅಂತಿಮಗೊಳಿಸೋಣ ಎಂದು ಪ್ರಬಂಧಕಾರನು ಹೆಮ್ಮಾಡಿಯಲ್ಲಿ ಮತ್ತೊಮ್ಮೆ ಬಸ್ಸು ಹತ್ತಿದನು. ನೂರು ರೂಪಾಯಿ ಕೊಟ್ಟು "ಒಂದ್ ನೆಂಪ್" ಎಂದನು. ಚಿಲ್ಲರೆ ಇರಲಿಲ್ಲ, ಕಂಡಕ್ಟರು ಟಿಕೆಟಿನ ಹಿಂದೆ ಏನೋ ಗೀಚಿ ಕೊಟ್ಟನು. ಕಿಟಕಿಯ ಬದಿಯ ಸೀಟು, ಮಳೆ ಬಿಟ್ಟ ಗದ್ದೆಗಳು. ಬಾರ್ಟ್ಲೆಟ್‌ಗೂ ಜೈಗಾರ್ನಿಕ್‌ಗೂ ನಡುವೆ ಸಂಧಾನ ಮಾಡಿಸುವ ಒಂದು ವಾಕ್ಯ ಇನ್ನೇನು ಹೊಳೆಯುವುದರಲ್ಲಿತ್ತು.

"ಹ್ವಾಯ್, ನಿಮ್ದ್ ನೆಂಪ್ ಅಲ್ದಾ?" ಕಂಡಕ್ಟರು ಭುಜ ತಟ್ಟಿದನು. "ನೆಂಪ್ ಹೋಯಿ ಎಷ್ಟ್ ಹೊತ್ತಾಯ್ತ್ ಮಾರಾಯ್ರೆ. ಇದ್ ವಂಡ್ಸೆ. ಇಳಿನಿ, ಇಳಿನಿ."

ಇಳಿದೆ. ಬಸ್ಸು ಕೊಲ್ಲೂರಿನ ಕಡೆ ಹೋಯಿತು. ಹೊಳೆದಿದ್ದ ವಾಕ್ಯ ಬರೆದಿಟ್ಟುಕೊಳ್ಳೋಣ ಎಂದು ಕಾಗದಕ್ಕಾಗಿ ಕಿಸೆಗೆ ಕೈ ಹಾಕಿದಾಗ ಸಿಕ್ಕಿದ್ದು ಟಿಕೆಟು. ವಾಕ್ಯ ಅಷ್ಟರಲ್ಲಿ ಮರೆತುಹೋಗಿತ್ತು. ಟಿಕೆಟಿನ ಬೆನ್ನ ಮೇಲೆ ನೀಲಿ ಶಾಯಿಯಲ್ಲಿ 85 ಎಂದಿತ್ತು.