ನೈಟ್ ರಿಪೋರ್ಟ್ ಬುಕ್ಕಿನ ಜೊತೆ ಒಂದು ಪಾಳಿ

ದಾವಣಗೆರೆ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆ. ವಾರ್ಡಿನ ಮೇಜಿನ ಮೇಲೆ ರಟ್ಟು ಕಿತ್ತ ನೈಟ್ ರಿಪೋರ್ಟ್ ಬುಕ್. ಬಿಎಸ್ಸಿ ನರ್ಸಿಂಗ್ ಮುಗಿಸಿ ಬಂದವರ ಮೊದಲ ವರ್ಷವನ್ನು ಇದರಷ್ಟು ಹತ್ತಿರದಿಂದ ಕಂಡವರಿಲ್ಲ. ಅದನ್ನೇ ಮಾತಿಗೆಳೆದೆ.

ತಮ್ಮದು ಚನ್ನಗಿರಿಯೋ, ಹೊನ್ನಾಳಿಯೋ, ನ್ಯಾಮತಿಯೋ, ಜಗಳೂರೋ?

ನಾಲ್ಕರಲ್ಲಿ ಒಂದು ಅಂತ ಬರ್ಕೊಳ್ರಿ. ಊರು ಹೇಳಿದ್ರೆ ನಾಳೆ ಕಾರಣ ಕೇಳಿ ನೋಟಿಸ್ ಬರುತ್ತೆ. ಅದಕ್ಕೆ ಉತ್ತರಾನೂ ನನ್ನ ಹಾಳೆ ಹರಿದೇ ಬರೀತಾರೆ.

ಹೊಸ ನರ್ಸ್‌ಗಳಿಗೆ ರೆಸಿಡೆನ್ಸಿ ತರಬೇತಿ ಇಲ್ಲವಂತೆ?

ಯಾರ್ರೀ ಹೇಳಿದ್ದು? ಭಾರತೀಯ ನರ್ಸಿಂಗ್ ಕೌನ್ಸಿಲ್‌ನ 2021ರ ಪಠ್ಯಕ್ರಮ ತೆಗೀರಿ. ಎಂಟನೇ ಸೆಮಿಸ್ಟರ್ ಇಂಟರ್ನ್‌ಶಿಪ್, ಅದಕ್ಕೆ ‘ರೆಸಿಡೆನ್ಸಿ ಪೋಸ್ಟಿಂಗ್’ ಅಂತಾನೂ ಹೆಸರು. 22 ವಾರ, ವಾರಕ್ಕೆ 48 ಗಂಟೆ.

ಮತ್ತೇನು ಕೊರತೆ?

ಅದೆಲ್ಲ ಪದವಿಗೆ ಮುಂಚೆ. ಆಗ ಸಹಿ ಬೇರೆಯವರದ್ದು. ಆಮೇಲೆ ಸಹಿ ಹೊಸ ನರ್ಸ್‌ದ್ದೇ. ಅಮೆರಿಕದ ಎಷ್ಟೋ ಆಸ್ಪತ್ರೆಗಳಲ್ಲಿ ಪದವಿ ಆದ್ಮೇಲೂ ಒಂದು ವರ್ಷ ಹಿರಿಯರ ಜೊತೆ ಬಿಟ್ಟು ಪಳಗಿಸ್ತಾರೆ. ಇಲ್ಲಿ ಬೆಳಗ್ಗೆ ಡ್ಯೂಟಿಗೆ ಹಾಜರಾದ್ರೆ ರಾತ್ರಿನೇ ನೈಟ್.

ಕಲಿಸೋರು ಯಾರು?

ಆಯಾಮ್ಮ. ಯಾವ ಬೀರು ಒದ್ದರೆ ತೆರೆಯುತ್ತೆ, ಯಾವ ಡಾಕ್ಟ್ರಿಗೆ ಎಷ್ಟನೇ ರಿಂಗಿಗೆ ಎಚ್ಚರ ಆಗುತ್ತೆ, ಇವೆಲ್ಲ ಯಾವ ಸೆಮಿಸ್ಟರ್‌ನಲ್ಲೂ ಇಲ್ಲ.

ತಾವು?

ನಾನೂ ಮೇಷ್ಟ್ರೇ! ರಾತ್ರಿ ಎರಡಕ್ಕೆ ಅಡಿಕೆ ತೋಟದಿಂದ ಹಾವು ಕಚ್ಚಿದವನನ್ನ ಹೊತ್ಕೊಂಡು ಬರ್ತಾರೆ. ಡಾಕ್ಟ್ರು ಹಾವಿನ ವಿಷದ ಮದ್ದು ಎಎಸ್‌ವಿ ಹತ್ತು ವಯಲ್ ಬರೆದು ಹೆರಿಗೆ ಕೋಣೆಗೆ ಓಡ್ತಾರೆ. ಪುಡಿನ ಜೋರಾಗಿ ಕುಲುಕದೆ ಕರಗಿಸಬೇಕು. ಡ್ರಿಪ್ ಶುರುವಾದ ಮೇಲೆ ಮೈಮೇಲೆ ಗಂಧೆ ಏಳುತ್ತಾ, ಉಸಿರು ಕಟ್ಟುತ್ತಾ ಅಂತ ನೋಡ್ತಾನೇ ಇರಬೇಕು. ಅಡ್ರಿನಲಿನ್ ಸಿರಿಂಜಿಗೆ ಎಳೆದಿಟ್ಕೊಂಡಿರಬೇಕು. ಹೊಸ ಹುಡುಗಿಗೆ ಓದಿದ್ದೆಲ್ಲ ನೆನಪಿದೆ, ಕೈ ಮಾತ್ರ ಕೇಳ್ತಿಲ್ಲ. ಅತ್ತ ರೋಗಿಯ ಅಣ್ಣ ‘ಸಿಸ್ಟರ್, ಶಿವಮೊಗ್ಗಕ್ಕೆ ಬರೆದುಕೊಡಿ’ ಅಂತಾನೆ, ಮಾವ ‘ಬ್ಯಾಡ, ದಾವಣಗೆರೆಗೆ’ ಅಂತಾನೆ. ಆಗ ಆ ಹುಡುಗಿ ನನ್ನ ಹಳೇ ಪುಟ ತಿರುವಿ, ಹೋದ ಮಳೆಗಾಲದಲ್ಲಿ ಹಿರಿಯ ಸಿಸ್ಟರ್ ಏನು ಮಾಡಿದ್ರು ಅಂತ ಹುಡುಕ್ತಾಳೆ.

ಸಿಗುತ್ತಾ?

‘ರೋಗಿಗೆ ಸೂಕ್ತ ಚಿಕಿತ್ಸೆ ನೀಡಲಾಯಿತು’ ಅಂತಿರುತ್ತೆ.

ಪದವಿಯ ನಂತರದ ರೆಸಿಡೆನ್ಸಿ ಇಲ್ಲಿಗೂ ಬಂದರೆ?

ಬರ್ಲಿ. ಮೊದಲು ನನ್ನ ಪಕ್ಕ ಇನ್ನೊಂದು ರಿಜಿಸ್ಟರ್ ಬರುತ್ತೆ, ತರಬೇತಿ ಹಾಜರಾತಿ ಅಂತ. ತಿಂಗಳ ಕೊನೆಗೆ ಒಂದೇ ರಾತ್ರಿ ಕೂತು ಅದನ್ನ ತುಂಬೋಳೂ ಆ ಹುಡುಗಿನೇ. ಕಲಿಸಿದವರ ಕಾಲಂನಲ್ಲಿ ಆಯಾಮ್ಮನ ಹೆಸರಂತೂ ಇರಲ್ಲ ಬಿಡ್ರಿ.