ಒಂದೇ ಒಂದು ಅಚ್ಚು

ನಿಡಘಟ್ಟದ ನಮಗೆ ಗೆರೆಗಳೇನೂ ಹೊಸದಲ್ಲ. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಕಾಮಗಾರಿಯನ್ನು ಎರಡು ಪ್ಯಾಕೇಜ್ ಮಾಡಿದಾಗ ಗೆರೆ ಎಳೆದದ್ದು ನಮ್ಮೂರಲ್ಲೇ. ಆದರೆ ಅಮೂರ್ತ ಕಲೆಯ ಗೆರೆ ಎಲ್ಲಿ ಶುರು, ಎಲ್ಲಿ ಕೊನೆ ಅಂತ ಹೇಳಲು ಯಾವ ಇಂಜಿನಿಯರಿಗೂ ಆಗದು.

ನಮ್ಮ ದೊಡ್ಡಪ್ಪನನ್ನು ಬೆಂಗಳೂರಿನ ಕುಮಾರಕೃಪಾ ರಸ್ತೆಗೆ, 1960ರಲ್ಲಿ ಶುರುವಾದ ಚಿತ್ರಕಲಾ ಪರಿಷತ್ತಿಗೆ ಕರೆದೊಯ್ದೆ. ಗೋಡೆ ತುಂಬ ಅಮೂರ್ತ ಮಾನೊಪ್ರಿಂಟುಗಳು. ದೊಡ್ಡಪ್ಪ ಕತ್ತು ಎಡಕ್ಕೆ ವಾಲಿಸಿ ನೋಡಿದರು, ಬಲಕ್ಕೆ ವಾಲಿಸಿ ನೋಡಿದರು. "ಮೇಲು ಯಾವ್ದ್ಲಾ, ಕೆಳಗು ಯಾವ್ದು?"

ಮಾನೊಪ್ರಿಂಟ್ ಮಾಡುವ ಬಗೆಯನ್ನು ನಾನು ವಿವರಿಸಿದೆ: ಗಾಜಿನ ಮೇಲೋ ಲೋಹದ ಹಾಳೆಯ ಮೇಲೋ ಶಾಯಿ ಬಳಿದು, ಬಟ್ಟೆಯಲ್ಲಿ ಒರೆಸಿ, ಕಡ್ಡಿಯಲ್ಲಿ ಕೆರೆದು, ಕಾಗದ ಒತ್ತಿ ಎತ್ತುತ್ತಾರೆ. ಚಿತ್ರ ಎಡಬಲ ತಿರುಗಿ ಮೂಡುತ್ತದೆ. ಶಾಯಿಯೆಲ್ಲ ಹೆಚ್ಚುಕಡಿಮೆ ಮೊದಲ ಕಾಗದದ ಪಾಲು. ಎರಡನೇ ಸಲ ಒತ್ತಿದರೆ ಬರುವುದು ಬರೀ ಮಸುಕು.

"ನಮ್ಮ ಪಾಣಿ ಝೆರಾಕ್ಸ್ ಇದ್ದಂಗೆ ಅನ್ನು," ಎಂದರು ದೊಡ್ಡಪ್ಪ. "ಅಚ್ಚು ಹಾಕೋ ಕಷ್ಟ ಪಟ್ಟೂ ಒಂದೇ ಕಾಪಿನಾ? ಲಾಸು ಕಣ್ಲಾ."

ಫ್ರಾನ್ಸಿನ ಚಿತ್ರಕಾರ ದೇಗಾ ಕೂಡ ಇಂಥವನ್ನು ಮಾಡಿದ್ದ, ಮಸುಕು ಅಚ್ಚಿನ ಮೇಲೆ ಬಣ್ಣದ ಕಡ್ಡಿ ಆಡಿಸಿ ಹೊಸ ಚಿತ್ರ ಮಾಡುತ್ತಿದ್ದ ಎಂದೆ. "ಬುದ್ವಂತ! ಏನೂ ವೇಸ್ಟ್ ಮಾಡ್ನಿಲ್ಲ," ಎಂದು ಮೆಚ್ಚಿದರು.

ಕೊನೆಗೆ ಒಂದು ಚಿತ್ರದ ಪಕ್ಕ ಅಂಟಿಸಿದ್ದ ಪುಟ್ಟ ಕೆಂಪು ಚುಕ್ಕಿಯ ಮುಂದೆ ಬಹಳ ಹೊತ್ತು ನಿಂತರು. "ಇದರ ಅರ್ಥ?"

"ಮಾರಾಟ ಆಗಿದೆ ಅಂತ, ದೊಡ್ಡಪ್ಪ."

"ನೋಡು, ಇದೊಂದು ನೀಟಾಗಿ ಅರ್ಥ ಆಯ್ತು!"