ಒಂದೇ ಒತ್ತಿಗೆ ಒಂದು ಉಸಿರು

ಹೋದ ಸಲ ಸರಸಂಬಾದ ಅಕ್ಕನ ಮನೆಗೆ ಹೋದಾಗ ಅವಳು ಕಟ್ಟೆಯ ಮೇಲೇ ತಡೆದು ದೂರು ಒಪ್ಪಿಸಿದಳು. "ನೋಡೋ ತಮ್ಮಾ, ನಿನ್ನ ಅಳಿಯ ಮೂರು ದಿನದಿಂದ ಖೋಲಿ ಬಾಗ್ಲಾ ಹಾಕ್ಕೊಂಡು ಶಾರ್ಟ್‌ಕಟ್ ಮಾಡ್ಲತ್ತಾನ. ಊಟಕ್ಕ ಕರದ್ರೂ ಬರವಲ್ಲ." ಒಳಗೆ ಹೋಗಿ ನೋಡಿದರೆ ಅಳಿಯನ ಕೂದಲು ಭುಜದ ತನಕ ಇಳಿದಿತ್ತು. ಕಟಿಂಗ್ ಅಂಗಡಿ ಕಂಡು ಆರು ತಿಂಗಳಾದರೂ ಆಗಿರಬೇಕು. ಯಾವ ಶಾರ್ಟ್, ಯಾವ ಕಟ್ ಎಂದು ಕೇಳಿದೆ. ಅವನು ತಲೆ ಎತ್ತದೆ ಕೀಬೋರ್ಡ್ ತೋರಿಸಿದ.

ಅವನು ಹಾಡು ಮುದ್ರಿಸುವ ಆ ಖೋಲಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ನಾಲ್ಕೂ ಗೋಡೆಗೆ ಕೌದಿ ಕಟ್ಟಿದ್ದಾನೆ. ನಮ್ಮವ್ವ ಹೊಲಿದ ಕೌದಿಗಳು, ಒಟ್ಟು ಆರು. ದನಿ ಗೋಡೆಗೆ ಬಡಿದು ವಾಪಸು ಬರಬಾರದಂತೆ. ಮೂಲೆಯಲ್ಲಿ ತೊಗರಿ ಚೀಲಗಳನ್ನು ಸೂರಿನ ತನಕ ಒಟ್ಟಿದ್ದಾನೆ. ದಪ್ಪ ದನಿ ಮೂಲೆಗೆ ಹೋಗಿ ಗುಂಯ್‌ಗುಡುವುದು ಚೀಲದೊಳಗೇ ಸತ್ತುಹೋಗುತ್ತದಂತೆ. ಇರಬಹುದು. ತೊಂದರೆ ಒಂದೇ: ತೊಗರಿಗೆ ರೇಟು ಬಂದ ದಿನ ನಮ್ಮ ಭಾವ ಸ್ಟುಡಿಯೋದ ಅರ್ಧ ಮೂಲೆಯನ್ನು ಗಾಡಿಗೆ ಹಾಕಿಕೊಂಡು ಆಳಂದಕ್ಕೆ ಹೊಡೆಯುತ್ತಾರೆ. ಅವತ್ತಿನಿಂದ ಹಾಡುಗಳ ದನಿಯೇ ಬೇರೆ.

"ಯಾವ ಸಾಫ್ಟ್‌ವೇರ್‌ನಾಗ ಮಾಡ್ತಿ?" ಎಂದೆ.

"ರೀಪರ್‌ನಾಗ, ಮಾಮಾ."

"ಅದು ಗೋದಿ ಕೊಯ್ಯೋ ಮಷಿನ್ ಅಲ್ಲೇನೋ?"

ನಗಲಿಲ್ಲ. ಈಗಿನ ಹುಡುಗರಿಗೆ ನಗುವುದಕ್ಕೂ ಒಂದು ಕೀಲಿ ಬೇಕು. ರೀಪರ್ ಎಂಬುದು ಕಾಕೋಸ್ ಎಂಬ ಸಣ್ಣ ಕಂಪನಿ ಮಾಡಿದ ಹಾಡು ಮುದ್ರಿಸುವ ತಂತ್ರಾಂಶ, 2006ರಲ್ಲಿ ಅದರ ಮೊದಲ ಆವೃತ್ತಿ ಬಂತು. 60 ದಿನ ಬಿಟ್ಟಿಯಾಗಿ ಬಳಸಿ ನೋಡಬಹುದು. ಆಮೇಲೆ ದುಡ್ಡು ಕೊಡುವುದು ನಿಮ್ಮ ಮಾನಮರ್ಯಾದೆಗೆ ಬಿಟ್ಟದ್ದು. ಅದರಲ್ಲಿ ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಸಾವಿರಾರು ಕೆಲಸಗಳ ಪಟ್ಟಿ ತೆರೆಯುತ್ತದೆ. ಯಾವ ಕೆಲಸವನ್ನು ಯಾವ ಕೀಲಿಗೆ ಬೇಕಾದರೂ ಗಂಟು ಹಾಕಬಹುದು. ಐದಾರು ಕೆಲಸಗಳನ್ನು ಪೋಣಿಸಿ ಒಂದೇ ಕೀಲಿಗೂ ಕಟ್ಟಬಹುದು. ಮೌಸನ್ನೂ ಬಿಟ್ಟಿಲ್ಲ. ಬರೀ ಎಳೆದರೆ ಒಂದು ಅರ್ಥ, ಶಿಫ್ಟ್ ಹಿಡಿದು ಎಳೆದರೆ ಇನ್ನೊಂದು, ಕಂಟ್ರೋಲ್ ಹಿಡಿದರೆ ಮತ್ತೊಂದು, ಆಲ್ಟ್ ಹಿಡಿದರೆ ಮಗದೊಂದು. ಎಲ್ಲವನ್ನೂ ನಮಗೆ ಬೇಕಾದ ಹಾಗೆ ತಿರುಗಿಸಿ ಇಡಬಹುದು. ಇಷ್ಟು ಸ್ವಾತಂತ್ರ್ಯವನ್ನು ಇಪ್ಪತ್ತೆರಡು ವರ್ಷದ ಹುಡುಗನ ಕೈಗೆ ಕೊಟ್ಟರೆ ಅವನು ಹಾಡು ಮಾಡುತ್ತಾನೆಯೇ?

ಅಳಿಯ ಕಲಬುರಗಿಗೆ ಹೋಗಿ ಪಕ್ಕದಲ್ಲಿ ಎರಡು ಹೆಚ್ಚುವರಿ ಗುಂಡಿ ಇರುವ ಮೌಸ್ ತಂದಿದ್ದ. ದಿನಕ್ಕೊಂದು ಅರ್ಥ ಆ ಗುಂಡಿಗಳಿಗೆ. ಸೋಮವಾರ ಹೆಬ್ಬೆರಳಿನ ಗುಂಡಿ ಒತ್ತಿದರೆ ಹಾಡು ಎರಡು ತುಂಡು. ಮಂಗಳವಾರ ಅದೇ ಗುಂಡಿ ದನಿ ಏರಿಸುತ್ತದೆ. ಬುಧವಾರ ಏನು ಮಾಡುತ್ತದೆ ಎಂದು ಕೇಳಿದರೆ "ಇನ್ನಾ ನಕ್ಕಿ ಇಲ್ರಿ ಮಾಮಾ" ಎಂದ.

ನಾನು ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ತೋರಿಸಿದೆ. ಮೂರು ರಾತ್ರಿ, ರಾತ್ರಿಗೆ ನಾಲ್ಕು ತಾಸು: ಹನ್ನೆರಡು ತಾಸು, ಅಂದರೆ 43,200 ಸೆಕೆಂಡು. ಒಂದು ಶಾರ್ಟ್‌ಕಟ್‌ನಿಂದ ಉಳಿಯುವುದು ಎರಡು ಸೆಕೆಂಡು ಎಂದುಕೊಳ್ಳೋಣ. ಕಳೆದುಕೊಂಡದ್ದು ಕೈಗೆ ಬರಬೇಕಾದರೆ 21,600 ಸಲ ಒತ್ತಬೇಕು. ಹಾಡಿಗೆ ನೂರು ಸಲ ಒತ್ತಿದರೂ 216 ಹಾಡು. ಅಳಿಯ ಇಲ್ಲಿಯ ತನಕ ಮುಗಿಸಿದ್ದು ಮೂರು. ಅದರಲ್ಲೊಂದು ಗೆಳೆಯನ ಮದುವೆಯ ಕರೆಯೋಲೆ.

ಕಾಗದ ಮಡಚಿ ಮೌಸಿನ ಕೆಳಗೆ ಇಟ್ಟುಕೊಂಡ. ಮೌಸು ಈಗ ಛಲೋ ಜಾರುತ್ತದಂತೆ.

ಇನ್ನು ಉಸಿರಿನ ಕಥೆ. ಆ ಊರಲ್ಲಿ ಪೇಟಿ ಬಾರಿಸುವ ಒಬ್ಬ ಮುತ್ಯಾ ಇದ್ದಾನೆ. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ರಾತ್ರಿಯಿಡೀ ಪುಸ್ತಕ ನೋಡದೆ ಹಾಡುವ ಮನುಷ್ಯ. ಅವನ ಒಂದು ಪದ ಮುದ್ರಿಸಿಕೊಂಡಿದ್ದ ಅಳಿಯನಿಗೆ ನುಡಿಗಳ ನಡುವೆ ಮುತ್ಯಾ ಎಳೆದುಕೊಳ್ಳುವ ಉಸಿರು ಕಿವಿಗೆ ಚುಚ್ಚಿತು. ಎಪ್ಪತ್ತೈದರ ಎದೆ, ಉಸಿರು ತಿದಿ ಒತ್ತಿದ ಹಾಗೆಯೇ ಬರುತ್ತದೆ. ಅದಕ್ಕೊಂದು ಕೀಲಿ ಮಾಡಿದ: ಗುರುತು ಮಾಡಿದಷ್ಟನ್ನು ಎರಡೂ ಕಡೆ ಕತ್ತರಿಸು, ನಡುವಿನದನ್ನು ತೆಗೆ, ಅಂಚು ನುಣುಪು ಮಾಡು. ಒಂದು ಒತ್ತಿಗೆ ಒಂದು ಉಸಿರು ಮಾಯ. ರಾತ್ರಿ ಎರಡು ಗಂಟೆಗೆ ಹನ್ನೆರಡು ಸಲ ಒತ್ತಿ, ಬರೀ ಮುತ್ಯಾನ ದನಿಯ ಟ್ರ್ಯಾಕ್ ಒಂದನ್ನೇ ಕೇಳಿ, ಸಮಾಧಾನದಿಂದ ಮಲಗಿದ.

ರಿಪಲ್ ಎಂಬ ಒಂದು ವ್ಯವಸ್ಥೆ ಚಾಲೂ ಇದ್ದದ್ದು ಅವನ ಲಕ್ಷ್ಯಕ್ಕೆ ಬಂದಿರಲಿಲ್ಲ. ಅದು ಚಾಲೂ ಇದ್ದರೆ ನಡುವಿನ ತುಂಡು ತೆಗೆದ ಜಾಗ ಖಾಲಿ ಉಳಿಯುವುದಿಲ್ಲ, ಹಿಂದಿನದೆಲ್ಲ ಮುಂದಕ್ಕೆ ಸರಿದು ಕೂಡಿಕೊಳ್ಳುತ್ತದೆ. ಆ ಟ್ರ್ಯಾಕ್ ಮಾತ್ರ ಸರಿಯುತ್ತದೆ. ಬೇರೆ ಟ್ರ್ಯಾಕಿನಲ್ಲಿದ್ದ ತಬಲಾ ಇದ್ದಲ್ಲೇ ಇರುತ್ತದೆ. ಉಸಿರಿಗೆ ಅರ್ಧ ಸೆಕೆಂಡಿನಂತೆ ಹನ್ನೆರಡು ಉಸಿರಿಗೆ ಆರು ಸೆಕೆಂಡು.

ಮರುದಿನ ಮುತ್ಯಾನನ್ನು ಕರೆತಂದು ಕೂಡಿಸಿ ಹಾಡು ಹಚ್ಚಿದ. ಮೊದಲ ನುಡಿ ಮುಗಿಯಿತು. ಮುತ್ಯಾ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ದನಿ ನಂದೇ ಖರೆ. ಹಿಂಗ ಉಸ್ರು ತೊಗೊಳ್ದ ಹಾಡಿದ್ರ ಎರಡ್ನೇ ನುಡಿಗೇ ನನ್ನ ಮಣ್ಣಿಗಿ ಕಳಸ್ತಿದ್ರಿ" ಎಂದ. ಮೂರನೆಯ ನುಡಿಗೆ ಬರುವಾಗ ಇನ್ನೊಂದು ಪ್ರಶ್ನೆ: "ತಬಲಾದಾಂವ ಎಲ್ಲಿ ಹೋದ? ನೀರು ಕುಡ್ಯಾಕ ಎದ್ದಾನೇನು?" ಮುತ್ಯಾ ಪದ ಮುಗಿಸಿ ಸುಮ್ಮನಾದ ಮೇಲೂ ತಬಲಾ ಆರು ಸೆಕೆಂಡು ಒಂಟಿಯಾಗಿ ಬಡಿದುಕೊಂಡಿತು.

ಪುಣ್ಯಕ್ಕೆ ಅಳಿಯ ರಾತ್ರಿ ಆ ಹಾಡನ್ನು ಮುಚ್ಚಿರಲಿಲ್ಲ, ಕರೆಂಟೂ ಹೋಗಿರಲಿಲ್ಲ. ಕಂಟ್ರೋಲ್ ಹಿಡಿದು ಝಡ್ ಅನ್ನು ಹನ್ನೆರಡು ಸಲ ಒತ್ತಿ ಮುತ್ಯಾನಿಗೆ ಒಂದೊಂದೇ ಉಸಿರು ವಾಪಸು ಕೊಟ್ಟ. ಝಡ್, ಎಕ್ಸ್, ಸಿ, ವಿ ಎಂಬ ಈ ನಾಲ್ಕು ಅಕ್ಷರಗಳು 1983ರ ಆಪಲ್ ಲೀಸಾ ಗಣಕದಿಂದಲೂ ಅದೇ ಕೆಲಸ ಮಾಡಿಕೊಂಡು ಬಂದಿವೆ. ಯಾರ ಅಳಿಯನೂ ಅವಕ್ಕೆ ಕೈ ಹಚ್ಚಿಲ್ಲ. ಅದಕ್ಕೇ ನಿದ್ದೆಗಣ್ಣಲ್ಲೂ ಬೆರಳು ಅಲ್ಲಿಗೇ ಹೋಗುತ್ತದೆ.

ನಾನು ಸಿಕ್ಕ ಸಂದು ಬಿಡಲಿಲ್ಲ. "ಮುತ್ಯಾನ ಪೇಟಿ ನೋಡು. ಅರವತ್ತು ವರ್ಷ ಆಯ್ತು, ಒಂದು ಮನಿನೂ ಅದಲಿಬದಲಿ ಮಾಡಿಲ್ಲ. ಎಡಗೈ ತಿದಿ, ಬಲಗೈ ಮನಿ. ಮುಗೀತು" ಎಂದೆ. ಮನಿ ಎಂದರೆ ಪೇಟಿಯ ಕೀಲಿ. ಎರಡು ಕೈಗೂ ಬೇರೆ ಬೇರೆ ಕೆಲಸ ಹಂಚುವ ಬುದ್ಧಿ ಗಣಕದವರಿಗೆ ತಡವಾಗಿ ಬಂತು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗೆಲ್ಬರ್ಟ್ ಜನರೆದುರು ಮೌಸ್ ಆಡಿಸಿ ತೋರಿಸಿದಾಗ ಅವರ ಬಲಗೈಯಲ್ಲಿ ಮೌಸು, ಎಡಗೈ ಕೆಳಗೆ ಐದೇ ಮನೆಯ ಪುಟ್ಟ ಕೀಲಿಮಣೆ ಇತ್ತು. ಐದು ಬೆರಳು, ಐದು ಮನೆ, ಕೂಡಿಸಿ ಒತ್ತಿದರೆ ಅಕ್ಷರ. ಮೌಸು ಜಗತ್ತಿಗೆಲ್ಲ ಹೋಯಿತು, ಆ ಐದು ಮನೆ ಅಲ್ಲೇ ಉಳಿಯಿತು.

ಆದರೆ ಅಳಿಯ ನನ್ನನ್ನು ಸುಮ್ಮನೆ ಬಿಡುವ ಪೈಕಿ ಅಲ್ಲ. ಮುತ್ಯಾನ ಪೇಟಿಯ ಮುಚ್ಚಳ ಎತ್ತಿದ. "ಇದೇನ್ರಿ ಮಾಮಾ?" ಕಪ್ಲರ್. ಅದನ್ನು ಎಳೆದಿಟ್ಟು ಒಂದು ಮನೆ ಒತ್ತಿದರೆ ಅದರ ಜೋಡಿ ಇನ್ನೊಂದು ಸಪ್ತಕದ ಮನೆಯೂ ತಾನಾಗಿ ಇಳಿಯುತ್ತದೆ. "ಒಂದು ಕೀಲಿ, ಎರಡು ಕೆಲಸ. ನಾನೂ ಇದನ್ನೇ ಮಾಡ್ಲತ್ತೀನಿ." ಆಮೇಲೆ ಸ್ಕೇಲ್ ಚೇಂಜರ್ ಹಿಡಿದು ಇಡೀ ಮನೆಗಳ ಸಾಲನ್ನೇ ಪಕ್ಕಕ್ಕೆ ಸರಿಸಿದ. ಬೆರಳು ಇದ್ದಲ್ಲೇ ಇದೆ, ಕೆಳಗಿನ ರೀಡು ಬದಲಾಯಿತು. ಬಿಳಿ ಒಂದರಲ್ಲಿ ಹಾಡುವವನಿಗೂ ಅದೇ ಬೆರಳು, ಕರಿ ಎರಡರಲ್ಲಿ ಹಾಡುವವನಿಗೂ ಅದೇ ಬೆರಳು. "ಇದು ಕಸ್ಟಮ್ ಅಲ್ಲೇನ್ರಿ?"

ನನ್ನ ಬಾಯಿ ಕಟ್ಟಿತು. ಮೇಲಾಗಿ ಇದೇ ಪೇಟಿಗೆ ಆಕಾಶವಾಣಿ 1940ರಿಂದ 1971ರ ತನಕ ಬಾಗಿಲು ಹಾಕಿತ್ತು. ಮನೆಗೆ ಒಂದೇ ಸ್ವರ, ಮೀಂಡು ಬಾರದು, ಗಮಕ ಬಾರದು ಎಂಬುದು ಆಗಿನ ದೊಡ್ಡವರ ತಕರಾರು. ಅಂದರೆ ನನ್ನ ಹಾಗೆ ಮೂಗು ಮುರಿಯುವ ಮಾಮಾಗಳು ಆಗಲೂ ಇದ್ದರು.

ಇನ್ನೊಂದು ಮಾತಿಗೂ ನಾನು ಸುಮ್ಮನಾಗಬೇಕಾಯಿತು. ಕಣ್ಣು ಕಾಣದವರಿಗೆ ಮೌಸು ಇದ್ದೂ ಇಲ್ಲದಂತೆ. ಪರದೆಯ ಮೇಲಿನ ಬಾಣವನ್ನು ನೋಡದೆ ಎಲ್ಲಿಗೆಂದು ಎಳೆಯುವುದು? ಪರದೆ ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು 2006ರಲ್ಲಿ ಶುರು ಮಾಡಿದವರು ಆಸ್ಟ್ರೇಲಿಯಾದ ಅಂಧ ಮೈಕಲ್ ಕರನ್, ಆಮೇಲೆ ಅವರ ಜೊತೆ ಕೈಗೂಡಿಸಿದವರು ಇನ್ನೊಬ್ಬ ಅಂಧ ಜೇಮ್ಸ್ ಟೆ. ಅದೇ ಟೆ ಮುಂದೆ ರೀಪರ್‌ಗೆಂದೇ ಒಸಾರಾ ಎಂಬ ಜೋಡಣೆ ಮಾಡಿದರು. ಅದನ್ನು ಹಾಕಿಕೊಂಡರೆ ಮುದ್ರಣ, ಕತ್ತರಿ, ಮಿಶ್ರಣ ಎಲ್ಲವೂ ಕೀಲಿಯ ಮೇಲೆ, ಕಿವಿಯ ಮೇಲೆ. ನಮ್ಮ ಕಡೆಯ ಅಂಧ ಹುಡುಗರು ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳ ನೆರಳಲ್ಲಿ ಪೇಟಿ, ತಬಲಾ ಕಲಿತು ಬಂದವರು. ಮನೆಗಳ ನಡುವಿನ ದೂರ ಬೆರಳಿಗೆ ಗೊತ್ತಿರುವ ಅಂಥವರಿಗೆ ಕೀಲಿ ಶೋಕಿಯಲ್ಲ. ಇದನ್ನು ಅಳಿಯನೇ ಹೇಳಿದ್ದು. ಅಲ್ಲಿಯ ತನಕ ನನಗೆ ಹೊಳೆದಿರಲಿಲ್ಲ.

ಹೊಳೆಯದಿರಲು ನಾನೇನು ಕೀಲಿ ಬಿಟ್ಟವನಲ್ಲ. ಕೆ. ಪಿ. ರಾವ್ ಅವರ ವಿನ್ಯಾಸದ ನುಡಿ ಕೀಲಿಮಣೆಯಲ್ಲೇ ಇದನ್ನೆಲ್ಲ ಬರೆಯುತ್ತಿದ್ದೇನೆ. ಟಕಾರ ಎಲ್ಲಿದೆ ಎಂದು ಕೇಳಿದರೆ ತಡವರಿಸುತ್ತೇನೆ. ಬೆರಳು ಮಾತ್ರ ಕೇಳದೆಯೇ ಕ್ಯೂ ಒತ್ತುತ್ತದೆ. ಅವತ್ತು ಮುತ್ಯಾನ ಪದ ಟೈಪ್ ಮಾಡಿಕೊಟ್ಟು ಕನ್ನಡವನ್ನು ಬಂದ್ ಮಾಡದೆ ಎದ್ದೆ. ಅಳಿಯ ಬಂದು ಎಸ್ ಒತ್ತಿದ, ಹಾಡು ತುಂಡಾಗಲಿಲ್ಲ. ಎಮ್ ಒತ್ತಿದ, ಗುರುತು ಬೀಳಲಿಲ್ಲ. ಸಾಫ್ಟ್‌ವೇರ್ ಕೆಟ್ಟಿತೆಂದು ಅಳಿಸಿ ಹೊಸದಾಗಿ ಹಾಕಿದ. ಆಮೇಲೂ ಅದೇ ಹಾಡು. ನಾನು ಚಹಾ ಮುಗಿಸಿ ಬಂದು ಕನ್ನಡ ಬಂದ್ ಮಾಡಿದ ಮೇಲೆ ಎಲ್ಲ ನೆಟ್ಟಗಾಯಿತು. ನನಗೆ ಗೊತ್ತಿತ್ತೇ ಎಂದು ಕೇಳಬೇಡಿ.

ಕೊನೆಗೆ ಪೇಟಿ ಮುಚ್ಚುತ್ತ ಮುತ್ಯಾ ಅಳಿಯನಿಗೆ ಒಂದು ಮಾತು ಹೇಳಿದ: "ಮನಿ ಸರಸ್ತೀನಪಾ, ಇಲ್ಲಂತ ಅನ್ನಂಗಿಲ್ಲ. ಹಾಡು ಹಿಡಿಯೂ ಮೊದ್ಲು ಸರಸ್ತೀನಿ. ನಡುವ ಸರಸಂಗಿಲ್ಲ."

ಅಳಿಯ ತಲೆಯಾಡಿಸಿದ. ತಲೆಯಾಡಿಸುತ್ತಲೇ ಪ್ರಶ್ನಾರ್ಥಕ ಚಿಹ್ನೆ ಒತ್ತಿ ಪಟ್ಟಿ ತೆರೆದ. ಮುತ್ಯಾನ ಹಾಡು ಹನ್ನೆರಡೂ ಉಸಿರಿನ ಸಮೇತ ಇನ್ನೂ ಆ ಖೋಲಿಯಲ್ಲೇ ಇದೆ. ನೀವು ಆ ಕಡೆ ಹೋದರೆ ಒಳಗೆ ಹೋಗಿ ಕೇಳಿ ಬನ್ನಿ, ಹುಡುಗ ಬೇಡ ಎನ್ನುವುದಿಲ್ಲ. ಆದರೆ ದಯವಿಟ್ಟು ಮೌಸಿನ ಹೆಬ್ಬೆರಳ ಗುಂಡಿ ಮುಟ್ಟಬೇಡಿ. ಈ ವಾರ ಅದು ಅಳಿಸುತ್ತದೆ.